ಗುಮ್ಮ, ಗುಮ್ಮು, ಗುಮ್ಮಟ: ಒಂದೇ ಬೇರಿನ ಪದಗಳೇ?

ಪ್ರಶ್ನೆ: ನಮ್ಮದು ಸೋಮವಾರಪೇಟೆ ಕಡೆ ಕಾಫಿ ತೋಟ. ಚಿಕ್ಕ ಮಗ ಊಟಕ್ಕೆ ಹಟ ಮಾಡಿದರೆ ಅಜ್ಜಿ 'ಗುಮ್ಮ ಬಂತು ನೋಡು' ಅಂತಾರೆ. ರಾತ್ರಿ ತೋಟದಾಚೆಯಿಂದ 'ಗುಂ... ಗುಂ...' ಅಂತ ದನಿ ಬಂದರೆ ಅದೇ ಗುಮ್ಮ ಅನ್ನುವುದು ಮನೆಯಲ್ಲಿ ರೂಢಿ. ಹಸು ತಲೆಯಿಂದ ತಿವಿದರೂ 'ಗುಮ್ಮಿತು' ಅಂತೇವೆ. ಗುಮ್ಮನಗುಸುಕ, ಗುಮಾನಿ, ಮಡಿಕೇರಿ ಗದ್ದುಗೆಯ ಗುಮ್ಮಟ, ಇವೆಲ್ಲ ಒಂದೇ ಮೂಲದಿಂದ ಬಂದವೇ? ಆ ಹಕ್ಕಿ ಯಾವುದು? ದೊಡ್ಡ ಮಗಳು ಶಾಲೆಗಾಗಿ ಪ್ರಾಣಿಗಳ ದನಿಯಿಂದ ಹುಟ್ಟಿದ ಪದಗಳ ಪಟ್ಟಿ ಮಾಡಬೇಕಿದೆ. ಹೇಗೆ ಮಾಡಿದರೆ ಸರಿ?

ಉತ್ತರ: ಒಂದೇ ಮೂಲದವಲ್ಲ. ನೀವು ಕೊಟ್ಟ ಪದಗಳು ಮೂರು ಬೇರೆ ಬೇರೆ ಕಡೆಯಿಂದ ಬಂದಿವೆ. ಗುಮ್ಮ ಮತ್ತು ಗುಮ್ಮನಗುಸುಕ ಒಂದು ಮನೆಯವು. ಅವು ಹುಟ್ಟಿದ್ದು ರಾತ್ರಿಹಕ್ಕಿಯ ಕೂಗಿನಿಂದ. ಹಸು ಗುಮ್ಮುವ 'ಗುಮ್ಮು' ಪೆಟ್ಟಿನ ಸದ್ದಿಗೆ ಸೇರಿದ್ದು. ಗುಮ್ಮಟಕ್ಕೂ ಗುಮಾನಿಗೂ ಯಾವ ಸದ್ದಿನ ಸಂಬಂಧವೂ ಇಲ್ಲ. ಎರಡೂ ಪಾರ್ಸಿಯಿಂದ ಬಂದ ಪದಗಳು. ಸದ್ದನ್ನು ಅನುಕರಿಸುವ ಪದಗಳ ವಿಷಯದಲ್ಲಿ ನೆನಪಿಡಬೇಕಾದ ಮಾತು ಇದು: ಒಂದೇ ಬೇರಿನಿಂದ ಕವಲೊಡೆದು ಬೆಳೆಯಬೇಕೆಂಬ ಕಟ್ಟು ಅವಕ್ಕಿಲ್ಲ. ಕೇಳಿಸಿದಾಗಲೆಲ್ಲ ಜನ ಹೊಸದಾಗಿ ಪದ ಕಟ್ಟುತ್ತಾರೆ. ಹಾಗಾಗಿ 'ಈ ಪದದ ಮೂಲ ಯಾವುದು' ಎಂದು ಒಟ್ಟಾಗಿ ಕೇಳದೆ 'ಈ ಅರ್ಥದ ಮೂಲ ಯಾವುದು' ಎಂದು ಒಂದೊಂದನ್ನೇ ಕೇಳಬೇಕು.

ಮೊದಲು ಗುಮ್ಮನನ್ನೇ ನೋಡೋಣ. ಶಾಲೆಯ ವ್ಯಾಕರಣದಲ್ಲಿ 'ಪಟಪಟ', 'ಧಗಧಗ', 'ಚುರುಚುರು' ಇವಕ್ಕೆ ಅನುಕರಣಾವ್ಯಯ ಅಂತ ಹೆಸರು: ಕಿವಿಗೆ ಬಿದ್ದ ಸದ್ದನ್ನು ಹಾಗೆಯೇ ಹೇಳುವ ಪದ. 'ಗುಂ' ಕೂಡ ಅಂಥದ್ದೇ. ಬರಿಯ ಸದ್ದಾಗಿದ್ದಾಗ ಅದಕ್ಕೆ ಲಿಂಗ ಇಲ್ಲ, ವಚನ ಇಲ್ಲ, ವಿಭಕ್ತಿ ಹತ್ತುವುದಿಲ್ಲ. 'ಗುಂ ಗುಂ ಅಂತ ಕೂಗಿತು' ಎಂದಷ್ಟೇ ಹೇಳಬಹುದು. ಅದಕ್ಕೆ ಕೊನೆಯಲ್ಲಿ 'ಅ' ಸೇರಿದ ಕೂಡಲೇ ಹೆಸರಾಯಿತು. ಹಳಗನ್ನಡದ 'ಕಳ್' (ಕದಿ) ಎಂಬುದಕ್ಕೆ 'ಅ' ಸೇರಿ 'ಕಳ್ಳ' ಆದ ಹಾಗೆ, 'ಗುಂ' ಎನ್ನುವವನು 'ಗುಮ್ಮ'. ಎರಡರಲ್ಲೂ ಕೊನೆಯ ವ್ಯಂಜನ ಇಮ್ಮಡಿಯಾಗಿರುವುದನ್ನು ಗಮನಿಸಿ. ಕಾಡಿನ ಒಂದು ಸದ್ದು ಕನ್ನಡದ ಅಚ್ಚಿನಲ್ಲಿ ಕೂತು ಪದವಾಗುವುದು ಇಷ್ಟು ಸುಲಭದಲ್ಲಿ.

ನಿಘಂಟುಗಳು ಗುಮ್ಮನಿಗೆ ಗೂಬೆ ಎಂಬ ಅರ್ಥವನ್ನೂ, ಮಕ್ಕಳನ್ನು ಹೆದರಿಸುವ ಕಲ್ಪಿತ ಜೀವಿ ಎಂಬ ಅರ್ಥವನ್ನೂ ಕೊಡುತ್ತವೆ. ಇವೆರಡರಲ್ಲಿ ಯಾವುದು ಮೊದಲಿನದು? ಗೂಬೆ ಮೊದಲಿನದು ಎನ್ನುವುದು ನನ್ನ ತೀರ್ಮಾನ. ಕಾರಣ ಸರಳ. ದನಿ ಇರುವುದು ಹಕ್ಕಿಗೆ. ಕಾಣದ ಭೂತಕ್ಕೆ ಯಾವ ದನಿ ಎಂದು ಯಾರೂ ಹೇಳಲಾರರು. ರಾತ್ರಿ ಕೇಳಿಸುತ್ತದೆ, ಹಗಲು ಹುಡುಕಿದರೆ ಕಾಣಿಸುವುದಿಲ್ಲ, ಎಲ್ಲಿಂದ ಬಂತೆಂದು ಕಿವಿ ಗುರುತಿಸಲಾರದು. ಮಗುವನ್ನು ಹೆದರಿಸಲು ಇದಕ್ಕಿಂತ ಹೇಳಿಮಾಡಿಸಿದ ಜೀವಿ ಬೇರೆ ಬೇಕೇ? ಹೀಗೆ ಕೂಗುವ ಹಕ್ಕಿ ಕೂಗಿನ ಭೂತವಾಯಿತು.

ಈ ಬದಲಾವಣೆ ನಡೆದದ್ದಕ್ಕೆ ನಮ್ಮ ಮಾತಿನಲ್ಲೇ ಗುರುತು ಉಳಿದಿದೆ. ನಿಮ್ಮ ಮನೆಯಲ್ಲಿ 'ಗುಮ್ಮ ಬಂತು' ಅಂತಾರೆ. ಇನ್ನು ಕೆಲವು ಮನೆಗಳಲ್ಲಿ 'ಗುಮ್ಮ ಬಂದ', 'ಗುಮ್ಮ ಬರ್ತಾನೆ' ಅಂತಾರೆ. ಮೊದಲನೆಯದು ನಪುಂಸಕ, ಎರಡನೆಯದು ಪುಲ್ಲಿಂಗ. ವಿಭಕ್ತಿ ಹಚ್ಚಿದರೆ ವ್ಯತ್ಯಾಸ ಇನ್ನೂ ನಿಚ್ಚಳ: ಮರ, ಮೊಲ ಇವು 'ಮರದ', 'ಮೊಲದ' ಆಗುತ್ತವೆ, ಅಣ್ಣ, ಕಳ್ಳ ಇವರು 'ಅಣ್ಣನ', 'ಕಳ್ಳನ' ಆಗುತ್ತಾರೆ. 16ನೇ ಶತಮಾನದ ಪುರಂದರದಾಸರ ಕೀರ್ತನೆಯಲ್ಲಿ ಬಾಲಕೃಷ್ಣ ತಾಯಿಯನ್ನು ಬೇಡುವುದು 'ಗುಮ್ಮನ ಕರೆಯದಿರೆ' ಎಂದು. 'ಗುಮ್ಮವ' ಎಂದಿಲ್ಲ, 'ಗುಮ್ಮನ' ಎಂದಿದೆ. ಅಲ್ಲಿಗೆ ಗುಮ್ಮ ಆಗಲೇ ಹಕ್ಕಿಯ ಸ್ಥಾನ ಬಿಟ್ಟು ಮನುಷ್ಯನಂತೆ ಕರೆದರೆ ಬರುವವನಾಗಿದ್ದಾನೆ. (ಒಂದು ಎಚ್ಚರಿಕೆ: ಗರುಡನಂಥ ಕೆಲವು ಹಕ್ಕಿಗಳಿಗೂ ಕನ್ನಡದಲ್ಲಿ 'ನ' ಹತ್ತುತ್ತದೆ. ಆದ್ದರಿಂದ ಈ ಒಂದೇ ಗುರುತಿನ ಮೇಲೆ ಇಡೀ ವಾದ ನಿಲ್ಲಿಸಬೇಡಿ. ಕೀರ್ತನೆಯಲ್ಲಿ 'ಕರೆ' ಎಂಬ ಕ್ರಿಯಾಪದವೂ ಜತೆಗಿರುವುದರಿಂದ ಅಲ್ಲಿ ಅನುಮಾನ ಉಳಿಯುವುದಿಲ್ಲ.)

'ಗುಮ್ಮನಗುಸುಕ'ದಲ್ಲೂ ಅದೇ 'ನ' ಇದೆ. ಹೊರಗೆ ಸುಮ್ಮನಿದ್ದು ಒಳಗೊಳಗೇ ಕೆಲಸ ಸಾಧಿಸುವವನಿಗೆ ಈ ಮಾತು. ಹಕ್ಕಿ ಭೂತವಾಗಿ, ಭೂತ ಆಸಾಮಿಯಾದ ಮೇಲೆ ಹುಟ್ಟಿದ ಪದ ಇದು ಎಂದು ಆ 'ನ' ಹೇಳುತ್ತಿದೆ. ಕೂಗಿನಿಂದ ಹೆಸರು ಪಡೆದದ್ದು ಕಡೆಗೆ ಬಾಯಿಬಿಡದವನ ಹೆಸರಿಗೆ ಬಂದು ನಿಂತಿತು! ಗೂಬೆ ಹಗಲು ಹೊತ್ತು ಕೊಂಬೆಗೆ ಅಂಟಿಕೊಂಡು, ಕಣ್ಣು ಅರೆಮುಚ್ಚಿ, ಅಲುಗಾಡದೆ ಕೂರುವುದನ್ನು ನೋಡಿದವರಿಗೆ ಇದರಲ್ಲಿ ಸೋಜಿಗ ಕಾಣದು. ಪತ್ರಿಕೆಗಳ 'ಯುದ್ಧದ ಗುಮ್ಮ', 'ತೆರಿಗೆಯ ಗುಮ್ಮ' ಇವು ಇತ್ತೀಚಿನ ಚಿಗುರು. ಅಲ್ಲಿ ಗುಮ್ಮ ಎಂದರೆ ಇಲ್ಲದ ಭಯವನ್ನು ಎದುರಿಗೆ ನಿಲ್ಲಿಸುವುದು.

ಇದೇ ಹಕ್ಕಿಗೆ ಕನ್ನಡದಲ್ಲಿ ಗೂಗೆ, ಗೂಬೆ ಎಂಬ ಹೆಸರುಗಳೂ ಇವೆಯಲ್ಲ, ಅವೂ ಕೂಗಿನಿಂದಲೇ ಬಂದವು. ಆದರೆ ಕೆಲಸ ಹಂಚಿಕೊಂಡಿವೆ. ಹೆದರಿಸಲು ಗುಮ್ಮ, ಬೈಯಲು, ಅಪವಾದ ಹೊರಿಸಲು ಗೂಬೆ. 'ನನ್ನ ಮೇಲೆ ಗೂಬೆ ಕೂರಿಸಬೇಡ' ಅಂತೇವೆ, ಅಲ್ಲಿ 'ಗುಮ್ಮ ಕೂರಿಸಬೇಡ' ಎಂದು ಯಾರೂ ಅನ್ನುವುದಿಲ್ಲ. ಮನೆಯ ಮಾಡಿನ ಮೇಲೆ ಗೂಬೆ ಕೂತರೆ ಕೇಡು ಎಂಬ ನಂಬಿಕೆಯ ನೆರಳು ಈ ನುಡಿಗಟ್ಟಿನಲ್ಲಿದೆ. ಆ ನಂಬಿಕೆಯಿಂದ ಗೂಬೆಗೆ ಕಲ್ಲು ಹೊಡೆಯುವುದು ಈಗಲೂ ನಿಂತಿಲ್ಲ. ಗದ್ದೆ, ತೋಟ, ಕಣಜದ ಇಲಿಗಳನ್ನು ಹಿಡಿಯುವ ಹಕ್ಕಿಗೆ ಹೀಗೆ ಮಾಡುವುದು ಅನ್ಯಾಯ. ಗೂಬೆಗಳಿಗೆ 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ರಕ್ಷಣೆ ಇದೆ ಎಂಬುದನ್ನೂ ಮಕ್ಕಳಿಗೆ ಹೇಳಿಕೊಡಿ.

ಈಗ 'ಗುಮ್ಮು'. ಹಸು, ಟಗರು ಹಣೆ ಬಗ್ಗಿಸಿ ಗುಮ್ಮುತ್ತವೆ. ಹುಡುಗರು ಜಗಳದಲ್ಲಿ 'ಗುಮ್ತೀನಿ ನೋಡು' ಅಂತಾರೆ. ತೆಲುಗಿನಲ್ಲಿ ಕೊಂಬಿನಿಂದ ತಿವಿಯುವುದಕ್ಕೆ 'ಕುಮ್ಮು', ತಮಿಳಿನಲ್ಲಿ ಕುಟ್ಟುವುದಕ್ಕೆ 'ಕುಮ್ಮು' ಇದೆ. ಎಲ್ಲದರಲ್ಲೂ ಇರುವುದು ಮೊಂಡಾದದ್ದು ಮೆತ್ತಗಿನದಕ್ಕೆ ಬಡಿದ ಅನುಭವ. ನಮ್ಮ 'ಗುದ್ದು', 'ಕುಟ್ಟು' ಇವುಗಳ ಪಕ್ಕ ಇಟ್ಟು ನೋಡಿ, ಅದೇ ಜಾತಿಯ ಪದ ಎಂದು ಬಾಯಿಗೇ ಗೊತ್ತಾಗುತ್ತದೆ. ಇದಕ್ಕೂ ಗೂಬೆಗೂ ನಂಟು ಕಟ್ಟಬೇಕೆಂದರೆ 'ಗೂಬೆ ಗುಮ್ಮುತ್ತದೆ, ಅದಕ್ಕೇ ಗುಮ್ಮ' ಎಂದು ಕತೆ ಹೆಣೆಯಬೇಕಾಗುತ್ತದೆ. ಹೀಗೆ ಕತೆ ಬೇಕಾದ ಕಡೆ ಸಾಮಾನ್ಯವಾಗಿ ವ್ಯುತ್ಪತ್ತಿ ತಪ್ಪಿರುತ್ತದೆ.

ಗುಮ್ಮಟದ ವಿಷಯದಲ್ಲಿ ಅಂಥ ಕತೆ ಬಹಳ ಜನಪ್ರಿಯ. ವಿಜಯಪುರದ ಗೋಳಗುಮ್ಮಟದ ಒಳಗೆ ಪಿಸುಗುಟ್ಟಿದರೂ ಸುತ್ತಿ ಬಂದು ಕೇಳಿಸುತ್ತದೆ, 'ಗುಂ' ಅನ್ನುತ್ತದೆ, ಆದ್ದರಿಂದ ಗುಮ್ಮಟ ಅಂತ. ಕೇಳಲು ಚೆಂದ, ಆದರೆ ಸರಿಯಲ್ಲ. ಪಾರ್ಸಿಯ 'ಗುಂಬದ್' ದಖನಿನ ಸುಲ್ತಾನರ ಕಾಲದ ಕಟ್ಟಡಗಳ ಜತೆ ಈ ಕಡೆ ಬಂತು. 'ಂಬ' ಎಂಬುದು 'ಮ್ಮ' ಆಗಿ, ಕೊನೆಯ ದ-ಕಾರ ಟ-ಕಾರವಾಗಿ 'ಗುಮ್ಮಟ' ಆಯಿತು. ಮರಾಠಿಯಲ್ಲೂ 'ಘುಮಟ' ಇದೆ. ಅದೇ ಪಾರ್ಸಿ ಪದ ಉರ್ದುವಿನ ಮೂಲಕ ಇನ್ನೊಮ್ಮೆ ಬಂದು ಶ್ರೀರಂಗಪಟ್ಟಣದಲ್ಲಿ 'ಗುಂಬಜ್' ಆಗಿ ಉಳಿದಿದೆ. ಮಡಿಕೇರಿ ಗದ್ದುಗೆಯಲ್ಲಿ ಕೊಡಗಿನ ಅರಸರಾದ ದೊಡ್ಡವೀರರಾಜೇಂದ್ರ, ಲಿಂಗರಾಜೇಂದ್ರರ ಸಮಾಧಿಗಳ ಮೇಲಿರುವುದೂ ಇದೇ ಶೈಲಿಯ ಗುಮ್ಮಟ. ಸದ್ದಿನಿಂದ ಬಂದ ಪದವಾಗಿದ್ದರೆ ಸದ್ದು ತಿರುಗಿ ಬರುವ ಬಾವಿ, ಗುಹೆಗಳಿಗೂ ಆ ಹೆಸರು ಸಲ್ಲಬೇಕಿತ್ತು. ಸಂದಿಲ್ಲ, ಪದ ಕಟ್ಟಡದ ಆಕಾರಕ್ಕೇ ಅಂಟಿಕೊಂಡಿದೆ. 'ಗುಮಾನಿ' ಪಾರ್ಸಿಯ 'ಗುಮಾನ್' (ಶಂಕೆ); 'ಗುಮಾಸ್ತ' ಪಾರ್ಸಿಯ 'ಗುಮಾಶ್ತಾ' (ನೇಮಿಸಿದವನು). ಅವುಗಳ ಬಗ್ಗೆ ಇದಕ್ಕಿಂತ ಹೆಚ್ಚು ಹೇಳಬೇಕಾದ್ದಿಲ್ಲ.

ಒಂದು ಪದ ಸದ್ದಿನಿಂದ ಹುಟ್ಟಿತೋ ಇಲ್ಲವೋ ಎಂದು ತಿಳಿಯಲು ಕೊಡಗಿನವರಿಗೆ ಒಂದು ಒಳ್ಳೆಯ ಒರೆಗಲ್ಲು ಮನೆಯಲ್ಲೇ ಇದೆ. ಸುಗ್ಗಿಹಬ್ಬಕ್ಕೆ ಕೊಡವರ ಭಾಷೆಯಾದ ಕೊಡವ ತಕ್ಕ್‌ನಲ್ಲಿ 'ಪುತ್ತರಿ', ಕನ್ನಡದಲ್ಲಿ 'ಹುತ್ತರಿ'. ಸುಮಾರು 10ನೇ ಶತಮಾನದಿಂದ ಕನ್ನಡದಲ್ಲಿ ಪದದ ಮೊದಲಿನ ಪ-ಕಾರ ಹ-ಕಾರವಾಗುತ್ತ ಬಂತು: ಪಾಲು ಹಾಲಾಯಿತು, ಪಾವು ಹಾವಾಯಿತು, ಪುಲಿ ಹುಲಿಯಾಯಿತು. ಕೊಡವ ತಕ್ಕ್ ಹಳೆಯ ಪ-ಕಾರವನ್ನು ಉಳಿಸಿಕೊಂಡಿತು. ಈಗ ನೋಡಿ: 'ಪಿಸುಗುಟ್ಟು', 'ಪಟಪಟ', 'ಪಿಳಿಪಿಳಿ', 'ಪುಸಕ್ಕನೆ'. ಇವು ಕನ್ನಡದಲ್ಲಿ 'ಹಿಸುಗುಟ್ಟು', 'ಹಟಹಟ' ಆಗಲೇ ಇಲ್ಲ. ಯಾಕೆಂದರೆ ಪ್ರತಿ ತಲೆಮಾರೂ ಆ ಸದ್ದನ್ನು ಹೊಸದಾಗಿ ಕೇಳಿ ಹೊಸದಾಗಿ ಹೇಳುತ್ತದೆ; ರೆಕ್ಕೆ ಬಡಿದದ್ದು ಕಿವಿಗೆ 'ಪಟಪಟ' ಎಂದೇ ಕೇಳಿಸುತ್ತಿರುವಾಗ ನಾಲಿಗೆ ಅದನ್ನು ಬದಲಿಸಲು ಬಿಡುವುದಿಲ್ಲ. ಪ-ಕಾರ ಉಳಿದ ದೇಸಿ ಪದ ಸಿಕ್ಕಿದರೆ ಅದು ಸದ್ದಿನ ಪದವೇ ಎಂದು ಅನುಮಾನಿಸಿ. ಆದರೆ ಪತ್ರ, ಪಾಠದಂಥ ಸಂಸ್ಕೃತದ ಪದಗಳಲ್ಲೂ ಪ-ಕಾರ ಉಳಿದಿರುತ್ತದೆ. ಅವನ್ನು ಮೊದಲೇ ತೆಗೆದಿಡಬೇಕು. ಇದನ್ನು ಮರೆತವರು ಪಟ್ಟಿ ತುಂಬ ತಪ್ಪು ಪದ ತುಂಬಿಕೊಳ್ಳುತ್ತಾರೆ.

ಗ-ಕಾರದಿಂದ ಶುರುವಾಗುವ ಗುಮ್ಮನಿಗೆ ಈ ಪರೀಕ್ಷೆ ತಾಗುವುದಿಲ್ಲ. ಅದಕ್ಕೆ ಅಕ್ಕಪಕ್ಕದ ಭಾಷೆಗಳನ್ನು ನೋಡಬೇಕು. ಗೂಬೆಗೆ ಮಲಯಾಳದಲ್ಲಿ 'ಕೂಮನ್', ತಮಿಳಿನಲ್ಲಿ 'ಕೂಗೈ', ತೆಲುಗಿನಲ್ಲಿ 'ಗೂಬ', ಸಂಸ್ಕೃತದಲ್ಲಿ 'ಘೂಕ', 'ಉಲೂಕ', ಮರಾಠಿಯಲ್ಲಿ 'ಘುಬಡ', ಜರ್ಮನ್ನಿನಲ್ಲಿ 'ಊಹು', ಲ್ಯಾಟಿನ್ನಿನಲ್ಲಿ 'ಬೂಬೋ'. ಕೊನೆಯದನ್ನೇ ವಿಜ್ಞಾನಿಗಳು ದೊಡ್ಡ ಕೊಂಬುಗೂಬೆಗಳ ಕುಲದ ಹೆಸರಾಗಿ ಇಟ್ಟುಕೊಂಡಿದ್ದಾರೆ. ಎಲ್ಲದರಲ್ಲೂ ಉ ಅಥವಾ ಊ ಇದೆ. ಜರ್ಮನ್ನರು ನಮ್ಮಿಂದ ಕಲಿತದ್ದಲ್ಲ, ನಾವು ಅವರಿಂದ ಪಡೆದದ್ದಲ್ಲ. ಎಲ್ಲರೂ ಹಕ್ಕಿಯಿಂದ ಪಡೆದದ್ದು. ಕಾಗೆಯ ಕತೆಯೂ ಇದೇ: ಸಂಸ್ಕೃತದ 'ಕಾಕ', ಕನ್ನಡದ 'ಕಾಗೆ', ತಮಿಳಿನ 'ಕಾಕ್ಕೈ'. ಯಾರು ಯಾರಿಗೆ ಕೊಟ್ಟರು ಎಂದು ವಾದ ಮಾಡುವುದರಲ್ಲಿ ಹುರುಳಿಲ್ಲ. ಕೊಡಗು, ನೀಲಗಿರಿಗಳ ಭಾಷೆಗಳನ್ನು ಅಭ್ಯಾಸ ಮಾಡಿದ ಎಂ.ಬಿ. ಎಮೆನೋ ಅವರು 1969ರ ಒಂದು ಲೇಖನದಲ್ಲಿ, ಇಂಥ ಪದಗಳು ಭಾರತದಲ್ಲಿ ದ್ರಾವಿಡ, ಆರ್ಯ ಎಂಬ ಗಡಿ ದಾಟಿ ಹರಡಿರುವುದನ್ನು ಎತ್ತಿ ತೋರಿಸಿದ್ದರು. ಸದ್ದಿನ ಪದಕ್ಕೆ ಭಾಷಾಕುಟುಂಬ ಹುಡುಕುವಾಗ ಕೈ ಬಿಗಿಹಿಡಿಯಬೇಕಾದ್ದು ಇದಕ್ಕೇ.

ಹಕ್ಕಿ ಯಾವುದು ಎಂಬ ಪ್ರಶ್ನೆಗೆ ಬರೋಣ. ಗುಮ್ಮ ಎನ್ನುವುದು ಒಂದು ಜಾತಿಯ ಹೆಸರಲ್ಲ. ಕಣ್ಣಿಗೆ ಕಾಣದ ಹಕ್ಕಿಗೆ ಕಿವಿ ಇಟ್ಟ ಹೆಸರು ಅದು. ತಗ್ಗು ದನಿಯಲ್ಲಿ ಕೂಗುವ ಎಲ್ಲ ದೊಡ್ಡ ಗೂಬೆಗಳೂ ಅದರೊಳಗೆ ಬರುತ್ತವೆ. ದೊಡ್ಡ ಗೂಬೆಗಳು ಕೊಕ್ಕು ಮುಚ್ಚಿಕೊಂಡು ಗಂಟಲು ಉಬ್ಬಿಸಿ ಕೂಗುತ್ತವೆ. ನೀವೇ ತುಟಿ ಮುಚ್ಚಿ ಕೂಗಿ ನೋಡಿ, 'ಮ್' ಬಿಟ್ಟು ಬೇರೆ ಬರುವುದಿಲ್ಲ. ಪದದ ಕೊನೆಯ ಮ-ಕಾರ ಅಲ್ಲಿಯದು. ಜತೆಗೆ ದನಿಯ ಏರು ಭಾಗ ಎಲೆ, ಕೊಂಬೆಗಳಲ್ಲಿ ಚದುರಿ ಸೋರಿಹೋಗುತ್ತದೆ, ತಗ್ಗಿನದು ಮಾತ್ರ ದೂರ ಬರುತ್ತದೆ. ಹತ್ತಿರದಲ್ಲಿ 'ಹೂ-ಊ' ಎಂದು ಕೇಳುವ ಕೂಗೇ ಸಿಲ್ವರ್ ಓಕ್ ಸಾಲುಗಳನ್ನೂ ಕಾಫಿ ಗಿಡಗಳನ್ನೂ ದಾಟಿ ಮನೆಗೆ ಬರುವ ಹೊತ್ತಿಗೆ 'ಗುಂ' ಆಗಿರುತ್ತದೆ.

ನಿಮ್ಮ ತೋಟದ ಪಕ್ಕ ಹೊಳೆ ಅಥವಾ ಕೆರೆ ಇದ್ದರೆ ಮೊದಲು ಮೀನುಗೂಬೆಯನ್ನು ನೆನೆಯಿರಿ. ಅದರದು ಎದೆಯಿಂದ ಬಂದಂಥ ಎರಡು ಮೂರು ಗುಮ್ಮುದನಿ. ಸಂಜೆ ಕತ್ತಲಾಗುವಾಗ, ಬೆಳಗಿನ ಜಾವ ಹೆಚ್ಚು, ಎಷ್ಟೋ ಸಲ ಜೋಡಿಯಾಗಿ ಒಂದು ಕೂಗಿದ್ದಕ್ಕೆ ಇನ್ನೊಂದರ ಉತ್ತರ. ದಟ್ಟ ಕಾಡಿನ ಅಂಚಾದರೆ ಹೊಟ್ಟೆಯ ಮೇಲೆ ಚುಕ್ಕೆಗಳಿರುವ ದೊಡ್ಡ ಕೊಂಬುಗೂಬೆ ಇರಬಹುದು: ತಗ್ಗಿನ 'ಹೂ', ಸ್ವಲ್ಪ ಬಿಡುವು, ಮತ್ತೆ 'ಹೂ'. ಇದು ಒಮ್ಮೊಮ್ಮೆ ಮನುಷ್ಯರು ಕಿರುಚಿದಂತೆ ಕಿರುಚುತ್ತದೆ. ಭೂತದ ಕತೆಗಳಿಗೆ ಅದರ ಪಾಲೂ ಇದ್ದೀತು. 'ಊ-ಉಕ್, ಊ-ಉಕ್' ಎಂದು ಬಿಡದೆ ಹತ್ತಾರು ಸಲ ಕೇಳಿದರೆ ಅದು ಗಿಡುಗದ ಹಾಗೆ ಕಾಣುವ ಕಂದು ಗೂಬೆ. ಹಗಲು ಹೊತ್ತು 'ಗುಂ' ಕೇಳಿದರೆ ಗೂಬೆಯನ್ನು ಬಿಡಿ: ಪೊದೆಯಲ್ಲಿ 'ಕೂಪ್ ಕೂಪ್ ಕೂಪ್' ಎನ್ನುವುದು ಕೆಂಬೂತ, ಎತ್ತರದ ಮರದ ನೆತ್ತಿಯಿಂದ ಬರುವ ತಗ್ಗು 'ಹೂಂ' ದೊಡ್ಡ ಕಾಡುಪಾರಿವಾಳದ್ದು.

ಕೇಳಲು ಸರಿಯಾದ ಕಾಲ ನವೆಂಬರ್‌ನಿಂದ ಮಾರ್ಚ್. ಮುಂಗಾರಿನಲ್ಲಿ ಮಳೆಯ ಸದ್ದೇ ಎಲ್ಲವನ್ನೂ ಮುಚ್ಚುತ್ತದೆ. ಜಗಲಿಯಲ್ಲೇ ಕೂತು ಕೇಳಿ. ದನಿ ಹುಡುಕಿಕೊಂಡು ರಾತ್ರಿ ತೋಟಕ್ಕೆ ಇಳಿಯಬೇಡಿ, ಆನೆ ನಿಂತಿದ್ದರೆ ಕತ್ತಲಲ್ಲಿ ಹತ್ತಿರ ಹೋಗುವವರೆಗೂ ಗೊತ್ತಾಗುವುದಿಲ್ಲ. ಫೋನಿನಲ್ಲಿ ರೆಕಾರ್ಡ್ ಮಾಡಿ ಅದರ ಸ್ಪೀಕರ್‌ನಲ್ಲೇ ಕೇಳಿದರೆ ಏನೂ ಇಲ್ಲದಂತೆ ತೋರಬಹುದು. ಅಷ್ಟು ಪುಟ್ಟ ಸ್ಪೀಕರ್ ತಗ್ಗು ದನಿಯನ್ನು ಹೊರಡಿಸಲಾರದು. ಇಯರ್‌ಫೋನ್ ಹಾಕಿ ಕೇಳಿ. ಆ ರೆಕಾರ್ಡನ್ನು ಮರಳಿ ಜೋರಾಗಿ ಹಾಕಿ ಹಕ್ಕಿಯನ್ನು ಕರೆಯುವುದು ಬೇಡ, ಇದು ಅವು ಗೂಡು ಮಾಡುವ ಕಾಲ.

ಮಗಳ ಪಟ್ಟಿಗೆ ಬರುವುದಾದರೆ, ನೂರು ಪದ ಬೇಡ, ಹದಿನೈದು ಸಾಕು. ಆದರೆ ಪ್ರತಿ ಪದಕ್ಕೂ ಪೂರ್ತಿ ವಿವರ ಇರಲಿ. ಪದ, ಅದನ್ನು ಬಳಸಿ ಮನೆಯವರು ಆಡಿದ ಒಂದು ಇಡೀ ವಾಕ್ಯ, ಹೇಳಿದವರ ಮನೆಮಾತು (ಕನ್ನಡವೋ, ಅರೆಭಾಷೆಯೋ, ಕೊಡವ ತಕ್ಕೋ, ತುಳುವೋ, ಮಲಯಾಳವೋ), ಯಾವ ಪ್ರಾಣಿ, ಯಾವ ಸಂದರ್ಭ. ಮನೆಮಾತನ್ನು ಬರೆದುಕೊಳ್ಳುವುದು ನಮ್ಮ ಜಿಲ್ಲೆಯಲ್ಲಿ ತಪ್ಪಿಸಬಾರದ ಕೆಲಸ. ಕನ್ನಡದ ನರಿಯೇ ಬೇರೆ, ಕೊಡವ ತಕ್ಕ್‌ನಲ್ಲಿ 'ನರಿ' ಎಂದರೆ ಹುಲಿ. ಹುಲಿ ಕೊಂದವರಿಗೆ ಮಾಡುತ್ತಿದ್ದ 'ನರಿ ಮಂಗಲ'ವನ್ನು ಕನ್ನಡದ ಕಿವಿಯಲ್ಲಿ ಕೇಳಿದರೆ ಅರ್ಥವೇ ಕೆಡುತ್ತದೆ. ದನಿಯ ಪದಗಳಲ್ಲೂ ಇದೇ ಬಗೆಯ ಎಡವಟ್ಟು ಆಗುತ್ತದೆ.

ಕೇಳುವ ರೀತಿಯೂ ಮುಖ್ಯ. 'ಗುಮ್ಮ ಅಂದರೆ ಗೂಬೆ ಅಲ್ವಾ ಅಜ್ಜಿ?' ಎಂದರೆ ಅಜ್ಜಿ 'ಹೌದು ಮಗಾ' ಎಂದುಬಿಡುತ್ತಾರೆ. ಉತ್ತರವನ್ನು ನೀವೇ ಕೊಟ್ಟಂತಾಯಿತು. 'ಗುಮ್ಮ ಹೇಗಿರುತ್ತೆ? ಎಲ್ಲಿರುತ್ತೆ? ಏನು ಮಾಡುತ್ತೆ?' ಎಂದು ಕೇಳಿ ಸುಮ್ಮನಾಗಬೇಕು. ಅವರು 'ಬಂತು' ಅನ್ನುತ್ತಾರೋ 'ಬಂದ' ಅನ್ನುತ್ತಾರೋ ಅದನ್ನು ಹಾಗೆಯೇ ಬರೆಯಬೇಕು, ತಿದ್ದಬಾರದು.

ಪದಗಳನ್ನು ಜೋಡಿಸುವಾಗ ಅಕಾರಾದಿಗಿಂತ ಅವು ಕ್ರಿಯಾಪದವಾಗುವ ಬಗೆಯನ್ನು ಹಿಡಿದರೆ ಮಗಳಿಗೆ ಹೆಚ್ಚು ತಿಳಿಯುತ್ತದೆ. ಕೆಲವು 'ಗುಟ್ಟು' ಕೂಡಿಸಿಕೊಳ್ಳುತ್ತವೆ: ನಾಯಿ ಗುರುಗುಟ್ಟುತ್ತದೆ, ಕಪ್ಪೆ ವಟಗುಟ್ಟುತ್ತದೆ. ಕೆಲವು 'ಇಡು': ಆನೆ ಘೀಳಿಡುತ್ತದೆ, ನರಿ ಊಳಿಡುತ್ತದೆ. ಗೂಳಿ ಗುಟುರು 'ಹಾಕುತ್ತದೆ'. ಕುದುರೆಯ 'ಕೆನೆ'ಗೆ ಯಾವ ಆಸರೆಯೂ ಬೇಡ. ಇವನ್ನು ಅದಲುಬದಲು ಮಾಡಿ ಹೇಳಿ ನೋಡಲಿ: 'ಆನೆ ಘೀಳುಗುಟ್ಟಿತು', 'ಕಪ್ಪೆ ವಟವಿಟ್ಟಿತು'. ಕಿವಿ ಒಪ್ಪುವುದಿಲ್ಲ. 'ಗುಟ್ಟು' ಬರುವುದು ಹೆಚ್ಚಾಗಿ ಸಣ್ಣಗೆ ಬಿಡದೆ ಮರುಕಳಿಸುವ ಸದ್ದಿಗೆ, 'ಇಡು' ಬರುವುದು ಒಂದೇ ಉಸಿರಿಗೆ ಉದ್ದಕ್ಕೆ ಎಳೆದ ಕೂಗಿಗೆ. ಹದಿನೈದು ಪದಗಳನ್ನೂ ಹೀಗೆ ಎರಡೆರಡು ಸಲ, ಸರಿಯಾಗಿ ಒಮ್ಮೆ, ಅದಲುಬದಲಾಗಿ ಒಮ್ಮೆ ಅಜ್ಜಿಯ ಎದುರು ಓದಿ, ಅವರು ಎಲ್ಲಿ 'ಹಾಗನ್ನಲ್ಲ' ಎಂದರೋ ಅಲ್ಲೊಂದು ಗುರುತು ಹಾಕಿಕೊಳ್ಳಲಿ.